ಒಂದೇ ಅಣುವಿನ ಪದರ: ಕಣ್ಣಿಗೆ ಕಾಣದ ಮಾಲಿನ ಲೆಕ್ಕ ತೆಗೆಯೋದು ಹೇಗೆ?

(ಈ ವಾರದ ಎಪಿಸೋಡ್‌ನ ಬರಹ ರೂಪ. ಇಯರ್‌ಫೋನ್ ಮರೆತು ಬಂದವರಿಗೆ, ಬಸ್ಸಲ್ಲಿ ಓದ್ಕೊಂಡು ಹೋಗೋರಿಗೆ.)



ಈ ಸಲದ ಕಥೆ ಶುರುವಾಗೋದು 499 ರೂಪಾಯಿಯಿಂದ. ಹೊಸ ಫೋನ್ ತಗೊಂಡಿದ್ದೆ. ಕವರ್ ಹಾಕಿಸೋಣ ಅಂತ ಒಂದು ಮೊಬೈಲ್ ಅಂಗಡಿಗೆ ಹೋದೆ. ಅಂಗಡಿಯವರು, "ಗ್ಲಾಸ್ ಗಾರ್ಡ್ ಎಲ್ಲ ಹಳೇದಾಯ್ತು, ನ್ಯಾನೋ ಕೋಟಿಂಗ್ ಹಾಕಿಸ್ಕೊಳ್ಳಿ. 9ಎಚ್ ಇದು, ಗೀರು ಬೀಳಲ್ಲ" ಅಂದ್ರು. ಒಂದು ಪುಟ್ಟ ಬಾಟಲಿಯಿಂದ ನಾಲ್ಕು ಹನಿ ಸುರಿದು, ಬಟ್ಟೆಯಲ್ಲಿ ಒರೆಸಿ, ಹತ್ತು ನಿಮಿಷ ಬಿಟ್ಟರು. ಆಮೇಲೆ ತಮ್ಮ ನೀರಿನ ಬಾಟಲಿಯಿಂದ ಸ್ಕ್ರೀನ್ ಮೇಲೆ ಒಂದು ಹನಿ ಹಾಕಿದ್ರು. ಹನಿ ಮುತ್ತಿನ ಹಾಗೆ ಗುಂಡಗೆ ಕೂತಿತು. ಫೋನ್ ಓರೆ ಮಾಡಿದರೆ ಉರುಳಿ ಹೋಯ್ತು. "ನೋಡಿದ್ರಾ?" ಅಂದ್ರು. ನೋಡಿದೆ. ಯುಪಿಐ ಮಾಡಿದೆ.

ಮನೆಗೆ ಬಂದು ಅಮ್ಮನಿಗೆ ತೋರಿಸಿದೆ. ಅಮ್ಮ ಫೋನನ್ನ ಟ್ಯೂಬ್‌ಲೈಟ್ ಕೆಳಗೆ ಹಿಡಿದು ಹಿಂದೆ ಮುಂದೆ ತಿರುಗಿಸಿ ನೋಡಿ, "ಏನೂ ಕಾಣ್ತಿಲ್ವಲ್ಲ. ಐನೂರು ರೂಪಾಯಿ ಯಾವುದಕ್ಕೆ ಕೊಟ್ಟೆ?" ಅಂದ್ರು.

ನಾನು ಓದಿದ್ದು ಬಿ.ಕಾಂ. ಆಡಿಟಿಂಗ್ ಪೇಪರ್‌ನಲ್ಲಿ ಒಂದು ಮಾತು ತಲೆಗೆ ಹೊಡೆದು ಕಲಿಸ್ತಾರೆ: ಖರೀದಿ ಬಿಲ್ ಇದ್ದ ಮಾತ್ರಕ್ಕೆ ಗೋಡೌನಲ್ಲಿ ಮಾಲು ಇದೆ ಅಂತ ಬರೀಬೇಡಿ, ಹೋಗಿ ಎಣಿಸಿ. ಇಲ್ಲಿ ಬಿಲ್ ಇದೆ, ಮಾಲು ಮಾತ್ರ ಕಣ್ಣಿಗೆ ಕಾಣ್ತಿಲ್ಲ. ಹಾಗಾದರೆ ಎಣಿಸೋದು ಹೇಗೆ?

ಈ ಪ್ರಶ್ನೆ ಹಿಡ್ಕೊಂಡು ಹೋದರೆ ಸಿಕ್ಕಿದ್ದು ವಿಜ್ಞಾನದ ಒಂದು ದೊಡ್ಡ ವಿಷಯ. ಅದರ ಹೆಸರು ಸೆಲ್ಫ್ ಅಸೆಂಬಲ್ಡ್ ಮೊನೊಲೇಯರ್. ಕನ್ನಡದಲ್ಲಿ ಬಿಡಿಸಿ ಹೇಳಿದರೆ, ಒಂದು ಗಟ್ಟಿ ಮೇಲ್ಮೈ ಮೇಲೆ ತಾವಾಗಿಯೇ ಸಾಲುಗೂಡಿ ನಿಲ್ಲುವ ಅಣುಗಳ ಪದರ. ದಪ್ಪ ಎಷ್ಟು? ಒಂದೇ ಒಂದು ಅಣು.

ಒಂದು ಚಮಚ ಎಣ್ಣೆ, 20 ಗುಂಟೆ ಕೆರೆ

ಮೊದಲು ಅಳತೆ ತಲೆಗೆ ಇಳೀಬೇಕು. ಅಮೆರಿಕದ ಬೆಂಜಮಿನ್ ಫ್ರಾಂಕ್ಲಿನ್ ಲಂಡನ್ನಿನಲ್ಲಿದ್ದಾಗ ಕ್ಲಾಪಮ್ ಅನ್ನೋ ಕಡೆ ಒಂದು ಕೊಳಕ್ಕೆ ಒಂದು ಟೀ ಚಮಚ ಎಣ್ಣೆ ಹಾಕಿದರು. ಗಾಳಿಗೆ ಅಲೆ ಏಳ್ತಿದ್ದ ನೀರು ಸುಮಾರು ಅರ್ಧ ಎಕರೆಯಷ್ಟು ಜಾಗದಲ್ಲಿ ಕನ್ನಡಿ ಥರ ನಯವಾಯ್ತು. 1774ರಲ್ಲಿ ಇದನ್ನ ಬರೆದು ಪ್ರಕಟಿಸಿದರು. ಅರ್ಧ ಎಕರೆ ಅಂದ್ರೆ ನಮ್ಮ ಲೆಕ್ಕದಲ್ಲಿ 20 ಗುಂಟೆ, ಸುಮಾರು 2000 ಚದರ ಮೀಟರ್. ಚಮಚದಲ್ಲಿ 5 ಮಿಲಿ ಲೀಟರ್ ಎಣ್ಣೆ ಇತ್ತು ಅಂತ ಇಟ್ಕೊಳ್ಳಿ. ಎಣ್ಣೆಯನ್ನ ಜಾಗದಿಂದ ಭಾಗಿಸಿದರೆ ಪದರದ ದಪ್ಪ 2.5 ನ್ಯಾನೋಮೀಟರ್ ಬರುತ್ತೆ. ಒಂದು ಮಿಲಿಮೀಟರ್‌ನಲ್ಲಿ ಹತ್ತು ಲಕ್ಷ ನ್ಯಾನೋಮೀಟರ್. ಅಂದ್ರೆ ಎಣ್ಣೆ ಹರಡ್ತಾ ಹರಡ್ತಾ ಇನ್ನು ತೆಳುವಾಗೋಕೆ ಆಗದ ಹಂತಕ್ಕೆ, ಒಂದು ಅಣುವಿನ ದಪ್ಪಕ್ಕೆ ಬಂದು ನಿಂತಿತ್ತು. ಫ್ರಾಂಕ್ಲಿನ್ ಈ ಭಾಗಾಕಾರ ಮಾಡಲಿಲ್ಲ. ಎಣ್ಣೆ ಪದರದ ದಪ್ಪವನ್ನ ಲೆಕ್ಕ ಹಾಕಿ ತೋರಿಸಿದ್ದು 1890ರಲ್ಲಿ ಇಂಗ್ಲೆಂಡಿನ ಲಾರ್ಡ್ ರೇಲಿ.

ಅದೇ ಕಾಲದಲ್ಲಿ ಜರ್ಮನಿಯ ಬ್ರೌನ್‌ಶ್ವೈಗ್ ಊರಲ್ಲಿ ಆಗ್ನೆಸ್ ಪಾಕೆಲ್ಸ್ ಅನ್ನೋ ಹೆಣ್ಣುಮಗಳು ಮನೆಯಲ್ಲೇ ಇದೇ ಕೆಲಸ ಮಾಡ್ತಿದ್ದರು. ಆಗ ಅಲ್ಲಿ ಹೆಣ್ಣುಮಕ್ಕಳಿಗೆ ಯೂನಿವರ್ಸಿಟಿ ಬಾಗಿಲು ತೆರೆದಿರಲಿಲ್ಲ. ಅಪ್ಪ ಅಮ್ಮನ ಆರೈಕೆ, ಅಡುಗೆ, ಪಾತ್ರೆ, ಇದರ ನಡುವೆ ಒಂದು ತಗಡಿನ ತೊಟ್ಟಿ ಮಾಡ್ಕೊಂಡು, ನೀರಿನ ಮೇಲೆ ತಗಡಿನ ಪಟ್ಟಿ ಸರಿಸ್ತಾ ಮೇಲ್ಮೈ ಹೇಗೆ ವರ್ತಿಸುತ್ತೆ ಅಂತ ಅಳೆದರು. ನೀರಿನ ಮೇಲ್ಮೈ ಎಷ್ಟು ಸುಲಭವಾಗಿ ಕೊಳೆಯಾಗುತ್ತೆ ಅನ್ನೋದು ಅವರಿಗೆ ಚೆನ್ನಾಗಿ ಗೊತ್ತಿತ್ತು. ಅದಕ್ಕೇ ಅಳೆಯೋಕೆ ಮುಂಚೆ ಆ ಪಟ್ಟಿಯಿಂದ ಮೇಲ್ಮೈಯನ್ನ ಗುಡಿಸ್ತಿದ್ದರು. 1891ರ ಜನವರಿಯಲ್ಲಿ ರೇಲಿ ಅವರಿಗೆ ಪತ್ರ ಬರೆದರು. ರೇಲಿ ಅದನ್ನ 'ನೇಚರ್' ಪತ್ರಿಕೆಗೆ ಕಳಿಸಿದರು, ಮಾರ್ಚ್‌ನಲ್ಲಿ ಪ್ರಕಟವಾಯ್ತು. "ಮೊದಲು ಗುಡಿಸು, ಆಮೇಲೆ ಅಳೆ" ಅನ್ನೋ ಅವರ ಈ ಪದ್ಧತಿಯನ್ನ ನೆನಪಲ್ಲಿ ಇಟ್ಕೊಳ್ಳಿ. ಕೊನೆಗೆ ಬೇಕಾಗುತ್ತೆ.

ನೀರಿನಿಂದ ಚಿನ್ನಕ್ಕೆ

ನೀರಿನ ಮೇಲಿನ ಪದರ ಅಲ್ಲಾಡುತ್ತೆ, ಹರಿದು ಹೋಗುತ್ತೆ. ಗಾಜು, ಲೋಹದಂಥ ಗಟ್ಟಿ ವಸ್ತುವಿನ ಮೇಲೆ ಅಂಟಿ ನಿಲ್ಲಬೇಕು ಅಂದ್ರೆ ಅಣುವಿಗೆ ಆ ವಸ್ತುವನ್ನ ಹಿಡಿಯೋ ಕೈ ಬೇಕು. 1980ರಲ್ಲಿ ಇಸ್ರೇಲಿನ ವೈಜ್‌ಮನ್ ಸಂಸ್ಥೆಯ ಜೇಕಬ್ ಸಾಗಿವ್, ಸಿಲೇನ್ ಅನ್ನೋ ಜಾತಿಯ ಅಣುಗಳನ್ನ ಗಾಜಿನ ಮೇಲೆ ಹೀಗೆ ನಿಲ್ಲಿಸಿದರು. 1983ರಲ್ಲಿ ಅಮೆರಿಕದ ಬೆಲ್ ಲ್ಯಾಬ್ಸ್‌ನ ರಾಲ್ಫ್ ನುಝೋ ಮತ್ತು ಡೇವಿಡ್ ಅಲ್ಲಾರಾ, ಗಂಧಕ ಇರೋ ಅಣುಗಳು ಚಿನ್ನದ ಮೇಲೆ ತಾವೇ ಸಾಲಾಗಿ ನಿಲ್ಲುತ್ತವೆ ಅಂತ ತೋರಿಸಿದರು. ಇವತ್ತಿಗೂ ಹೆಚ್ಚು ಅಧ್ಯಯನ ಆಗಿರೋದು ಚಿನ್ನ ಮತ್ತು ಗಂಧಕದ ಈ ಜೋಡಿಯೇ. ಹಾಗಾಗಿ ನಾವೂ ಇದನ್ನೇ ನೋಡೋಣ.

ಇಲ್ಲಿ ಬಳಸೋ ಅಣುಗಳಿಗೆ ಥಯಾಲ್ ಅಂತ ಹೆಸರು. ಹೆಸರು ಹೊಸದು ಅನ್ನಿಸಬಹುದು, ಆದರೆ ನಿಮ್ಮ ಮೂಗಿಗೆ ಇದು ಹಳೇ ಪರಿಚಯ. ಅಡುಗೆ ಗ್ಯಾಸ್‌ಗೆ ಸ್ವಂತ ವಾಸನೆ ಇಲ್ಲ. ಲೀಕ್ ಆದರೆ ಗೊತ್ತಾಗಲಿ ಅಂತ ಅದಕ್ಕೆ ಬೆರೆಸೋ ನಾತದ ವಸ್ತು ಒಂದು ಪುಟ್ಟ ಥಯಾಲ್. ಗಂಧಕಕ್ಕೆ ಲೋಹ ಕಂಡರೆ ಎಷ್ಟು ಪ್ರೀತಿ ಅಂತ ದೇವರ ಮನೆಯ ಬೆಳ್ಳಿ ದೀಪ ಕಪ್ಪಾಗೋದನ್ನ ನೋಡಿದವರಿಗೆಲ್ಲ ಗೊತ್ತು. ಚಿನ್ನ ಹಾಗೆ ಕಪ್ಪಾಗಲ್ಲ, ತುಕ್ಕೂ ಹಿಡಿಯಲ್ಲ. ಆದರೆ ಥಯಾಲ್‌ನ ಗಂಧಕ ಬಂದರೆ ಅದನ್ನ ಗಟ್ಟಿಯಾಗಿ ಹಿಡ್ಕೊಳ್ಳುತ್ತೆ.

ಪ್ರಯೋಗಾಲಯದಲ್ಲಿ ಬಳಸೋ ಒಂದು ಉದಾಹರಣೆ ಆಕ್ಟಾಡೆಕೇನ್‌ಥಯಾಲ್. ಇದರಲ್ಲಿ ಮೂರು ಭಾಗ ಇದೆ. ತಲೆಯಲ್ಲಿ ಗಂಧಕ, ಅದು ಚಿನ್ನವನ್ನ ಹಿಡಿಯುತ್ತೆ. ನಡುವೆ 18 ಕಾರ್ಬನ್‌ಗಳ ಉದ್ದ ಸರಪಳಿ, ಅದು ಪಕ್ಕದ ಅಣುವಿನ ಸರಪಳಿಗೆ ಒತ್ತಿಕೊಂಡು ನಿಲ್ಲುತ್ತೆ. ಹೊರಗಡೆ ಬಾಲ, ಜಗತ್ತಿಗೆ ಕಾಣೋದು ಅದೊಂದೇ.

ಮಾಡೋ ವಿಧಾನ ಕೇಳಿದರೆ, ಇಷ್ಟೇನಾ ಅನ್ಸುತ್ತೆ. ಗಾಜು ಅಥವಾ ಸಿಲಿಕಾನ್ ಬಿಲ್ಲೆ ಮೇಲೆ ತೆಳುವಾದ ಚಿನ್ನದ ಲೇಪ ಇರಬೇಕು, ಅದು ಚೊಕ್ಕಟವಾಗಿರಬೇಕು. 20 ಮಿಲಿ ಲೀಟರ್ ಎಥನಾಲ್‌ನಲ್ಲಿ ಸುಮಾರು 6 ಮಿಲಿಗ್ರಾಂ ಥಯಾಲ್ ಕರಗಿಸಬೇಕು. ಬಿಲ್ಲೆಯನ್ನ ಅದರೊಳಗೆ ಮುಳುಗಿಸಿ, ಮುಚ್ಚಿಟ್ಟು, 18ರಿಂದ 24 ಗಂಟೆ ಬಿಡಬೇಕು. ತೆಗೆದು ಎಥನಾಲ್‌ನಲ್ಲಿ ಚೆನ್ನಾಗಿ ತೊಳೆದು, ನೈಟ್ರೋಜನ್ ಗಾಳಿ ಊದಿ ಒಣಗಿಸಬೇಕು. ಆಯ್ತು.

ಇಷ್ಟು ಹೊತ್ತು ಯಾಕೆ ಬಿಡಬೇಕು? ಬೆಳಗ್ಗೆ ಮೆಜೆಸ್ಟಿಕ್‌ನಲ್ಲಿ ಬಸ್ ಹತ್ತೋದನ್ನ ನೆನಪಿಸ್ಕೊಳ್ಳಿ. ಬಾಗಿಲು ತೆರೆದ ಅರ್ಧ ನಿಮಿಷದಲ್ಲಿ ಬಸ್ ತುಂಬಿರುತ್ತೆ. ಆದರೆ ಜನ ಅಡ್ಡಾದಿಡ್ಡಿ ನಿಂತಿರ್ತಾರೆ, ನಡುವೆ ಸಂದು ಇರುತ್ತೆ. ಆಮೇಲೆ ಶುರು, "ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ, ಒಳಗೆ ಹೋಗಿ." ಮೂರು ಸ್ಟಾಪ್ ದಾಟೋ ಹೊತ್ತಿಗೆ ಎಲ್ಲರೂ ಒಂದು ದಿಕ್ಕಿಗೆ ತಿರುಗಿ ಒತ್ತಾಗಿ ನಿಂತಿರ್ತಾರೆ. ಅಣುಗಳದ್ದೂ ಇದೇ ಕಥೆ. ಮೊದಲ ಕೆಲವು ನಿಮಿಷಗಳಲ್ಲೇ ಚಿನ್ನದ ಹೆಚ್ಚಿನ ಭಾಗ ತುಂಬಿಹೋಗುತ್ತೆ. ಉಳಿದ ಗಂಟೆಗಳೆಲ್ಲ ಅಡ್ಜಸ್ಟ್ ಮಾಡ್ಕೊಳ್ಳೋಕೆ. ಕೊನೆಗೆ ಗಂಧಕದಿಂದ ಗಂಧಕಕ್ಕೆ ಅರ್ಧ ನ್ಯಾನೋಮೀಟರ್ ಅಂತರ ಬರುತ್ತೆ. ಸರಪಳಿಗಳು ಅದಕ್ಕಿಂತ ಸ್ವಲ್ಪ ಸಣ್ಣ. ಹಾಗಾಗಿ ನೇರ ನಿಂತರೆ ಒಂದಕ್ಕೊಂದು ತಾಗಲ್ಲ. ತಾಗಲಿ ಅಂತ ಎಲ್ಲವೂ ಒಟ್ಟಿಗೆ ಸುಮಾರು 30 ಡಿಗ್ರಿ ವಾಲಿಕೊಳ್ಳುತ್ತವೆ, ಗಾಳಿಗೆ ಬಾಗಿದ ಭತ್ತದ ಪೈರಿನ ಹಾಗೆ.

ಎರಡನೇ ಪದರ ಯಾಕೆ ಕೂರಲ್ಲ? ಗಂಧಕಕ್ಕೆ ಹಿಡಿಯೋಕೆ ಚಿನ್ನವೇ ಸಿಗಲ್ಲ, ಎದುರಿಗಿರೋದು ಬರೀ ಬಾಲ. ಮೇಲೆ ಸುಮ್ಮನೆ ಕೂತ ಅಣುಗಳನ್ನ ಎಥನಾಲ್ ತೊಳೆದು ಒಯ್ಯುತ್ತೆ. ಅದಕ್ಕೇ ಪದರ ತಾನಾಗಿಯೇ ಒಂದಕ್ಕೆ ನಿಲ್ಲುತ್ತೆ.

ಐದು ಲೆಡ್ಜರ್

ಈಗ ನಿಜವಾದ ಕಷ್ಟ ಶುರು. ಬಿಲ್ಲೆ ಹೊರಗೆ ತೆಗೆದಿರಿ. ಮೊದಲೂ ಚಿನ್ನದ ಬಣ್ಣ, ಈಗಲೂ ಅದೇ ಬಣ್ಣ. ಪದರ ಇದೆಯೋ ಇಲ್ಲವೋ? ಅಮ್ಮನ ಪ್ರಶ್ನೆಯೇ ಲ್ಯಾಬ್‌ನಲ್ಲೂ.

ಮೊದಲ ಪರೀಕ್ಷೆ ನನ್ನ ಅಂಗಡಿಯವರು ಮಾಡಿದ್ದೇ, ನೀರಿನ ಹನಿ. ಲ್ಯಾಬ್‌ನಲ್ಲಿ ಪುಟ್ಟ ಹನಿ ಇಟ್ಟು, ಪಕ್ಕದಿಂದ ಕ್ಯಾಮೆರಾದಲ್ಲಿ ನೋಡಿ, ಹನಿಯ ಅಂಚು ಮೇಲ್ಮೈಗೆ ಎಷ್ಟು ಕೋನದಲ್ಲಿ ತಾಗಿದೆ ಅಂತ ಅಳೀತಾರೆ. ಇದಕ್ಕೆ ಸಂಪರ್ಕ ಕೋನ ಅಂತಾರೆ. ಹನಿ ಚಪ್ಪಟೆಯಾಗಿ ಹರಡಿದರೆ ಕೋನ ಕಡಿಮೆ, ಗುಂಡಗಿದ್ದರೆ ಜಾಸ್ತಿ. ಆಕ್ಟಾಡೆಕೇನ್‌ಥಯಾಲ್ ಪದರ ಚೆನ್ನಾಗಿ ಕೂತಿದ್ದರೆ 110 ಡಿಗ್ರಿ ಅಥವಾ ಅದಕ್ಕೂ ಸ್ವಲ್ಪ ಹೆಚ್ಚು ಬರುತ್ತೆ. ಬಾಲದ ತುದಿಗೆ ನೀರನ್ನ ಇಷ್ಟಪಡೋ ಒಂದು ಆಮ್ಲಜನಕ-ಜಲಜನಕದ ಗುಂಪು ಸೇರಿಸಿ, ಅದೇ ಹನಿ 20 ಡಿಗ್ರಿಗಿಂತ ಕೆಳಗೆ ಹರಡಿ ಮಲಗುತ್ತೆ. ಬಾಲದಲ್ಲಿ ಎರಡು ಮೂರು ಪರಮಾಣು ಬದಲಾದದ್ದು ನಿಮ್ಮ ಕಣ್ಣಿಗೆ ಕಾಣೋ ಹಾಗೆ ಆಯ್ತು! ಆದರೆ ಹನಿ ನೋಡೋದು ಹೊರಮೈಯನ್ನ ಮಾತ್ರ. ಕೆಳಗೆ ಎಷ್ಟು ದಪ್ಪ ಇದೆ, ಅಂಟಿಕೊಂಡಿದೆಯೋ ಸುಮ್ಮನೆ ಕೂತಿದೆಯೋ, ಅದಕ್ಕೆ ಗೊತ್ತಿಲ್ಲ.

ಎರಡನೆಯದು ಎಲಿಪ್ಸೊಮೀಟರ್. ಒಂದು ದಿಕ್ಕಿನಲ್ಲಿ ಕಂಪಿಸೋ ಬೆಳಕನ್ನ ಓರೆಯಾಗಿ ಬಿಟ್ಟು, ತಿರುಗಿ ಬಂದ ಬೆಳಕಿನ ಕಂಪನ ಎಷ್ಟು ಬದಲಾಗಿದೆ ಅಂತ ನೋಡೋ ಯಂತ್ರ. ಅದರಿಂದ ದಪ್ಪ ಲೆಕ್ಕ ಹಾಕ್ತಾರೆ. ನಮ್ಮ 18 ಕಾರ್ಬನ್ ಪದರಕ್ಕೆ 2 ನ್ಯಾನೋಮೀಟರ್‌ಗೆ ಸ್ವಲ್ಪ ಮೇಲೆ ಬರಬೇಕು.

ಕಾಮರ್ಸ್‌ನವರು ಇಲ್ಲಿ ಕಿವಿ ನಿಮಿರಿಸಿ. ಈ ಯಂತ್ರ ಕೆಲಸ ಮಾಡೋದು ವ್ಯತ್ಯಾಸದ ಮೇಲೆ. ಮೊದಲು ಬರೀ ಚಿನ್ನವನ್ನ ಅಳೀಬೇಕು, ಆಮೇಲೆ ಪದರ ಕೂತ ಚಿನ್ನವನ್ನ. ಒಂದು ಓಪನಿಂಗ್ ಬ್ಯಾಲೆನ್ಸ್, ಇನ್ನೊಂದು ಕ್ಲೋಸಿಂಗ್. ಆದರೆ ಬರೀ ಚಿನ್ನ ಅನ್ನೋದು ಬರೀ ಚಿನ್ನವಾಗಿ ಉಳಿಯೋದೇ ಇಲ್ಲ. ಗಾಳಿಗೆ ತೆರೆದ ಕೆಲವೇ ನಿಮಿಷಗಳಲ್ಲಿ ಗಾಳಿಯಲ್ಲಿರೋ ಜಿಡ್ಡಿನಂಥ ಅಣುಗಳು ಅದರ ಮೇಲೆ ಕೂರ್ತವೆ. ನೀವು ಆ ಕೊಳೆಯನ್ನೂ ಸೇರಿಸಿ ಓಪನಿಂಗ್ ಬರೆದುಬಿಟ್ಟಿರಿ ಅನ್ಕೊಳ್ಳಿ. ಆಮೇಲೆ ಥಯಾಲ್ ಬಂದು ಕೊಳೆಯನ್ನ ತಳ್ಳಿ ತಾನು ಕೂರುತ್ತೆ. ಕ್ಲೋಸಿಂಗ್‌ನಿಂದ ಓಪನಿಂಗ್ ಕಳೆದರೆ ದಪ್ಪ ನಿಜಕ್ಕಿಂತ ಕಡಿಮೆ ಬರುತ್ತೆ. ಉಲ್ಟಾನೂ ಆಗಬಹುದು. ಥಯಾಲ್ ಸರಿಯಾಗಿ ಕೂತೇ ಇಲ್ಲ, ಮೇಲೆ ಜಿಡ್ಡು ಸೇರಿದೆ, ಆಗಲೂ ಯಂತ್ರ ಒಂದು ದಪ್ಪ ತೋರಿಸುತ್ತೆ. ಬೆಳಕಿಗೆ ಜಿಡ್ಡು ಯಾವುದು, ಥಯಾಲ್ ಯಾವುದು ಅಂತ ಗೊತ್ತಾಗಲ್ಲ.

ಅದಕ್ಕೆ ಮೂರನೆಯದು, ಎಕ್ಸ್‌ಪಿಎಸ್. ನಿರ್ವಾತದಲ್ಲಿ ಬಿಲ್ಲೆಯ ಮೇಲೆ ಎಕ್ಸ್-ರೇ ಬಿಟ್ಟು, ಹಾರಿ ಬರೋ ಎಲೆಕ್ಟ್ರಾನ್‌ಗಳ ಶಕ್ತಿ ಅಳೀತಾರೆ. ಒಂದೊಂದು ಮೂಲವಸ್ತುವಿಗೂ ಒಂದೊಂದು ಸಂಖ್ಯೆ. ಈ ವಿಧಾನ ಬೆಳೆಸಿದ್ದಕ್ಕೆ ಸ್ವೀಡನ್ನಿನ ಕೈ ಸೀಗ್‌ಬಾನ್ ಅವರಿಗೆ 1981ರಲ್ಲಿ ನೊಬೆಲ್ ಸಿಕ್ಕಿತು. ಇದು ಬರೀ ಗಂಧಕ ಇದೆ ಅಂತ ಹೇಳಿ ಸುಮ್ಮನಾಗಲ್ಲ. ಚಿನ್ನಕ್ಕೆ ಅಂಟಿದ ಗಂಧಕ 162 ಎಲೆಕ್ಟ್ರಾನ್ ವೋಲ್ಟ್ ಹತ್ತಿರ ಕಾಣುತ್ತೆ. ಅಂಟದೇ ಕೂತದ್ದು ಅದಕ್ಕಿಂತ ಸ್ವಲ್ಪ ಮೇಲೆ, ಗಾಳಿಗೆ ಕೆಟ್ಟು ಆಕ್ಸಿಡೈಸ್ ಆದದ್ದು ಇನ್ನೂ ಮೇಲೆ. ಮಾಲು ಬಂದಿದೆಯಾ, ಬಂದ ಮಾಲು ಸರಿ ಇದೆಯಾ, ಎರಡೂ ಗೊತ್ತಾಗುತ್ತೆ.

ನಾಲ್ಕನೆಯದು ತಕ್ಕಡಿ. ಕೈಗಡಿಯಾರದಲ್ಲಿ ಇರೋ ಹಾಗೆ ಕಂಪಿಸೋ ಒಂದು ಕ್ವಾರ್ಟ್ಜ್ ಹರಳು. ಅದರ ಮೇಲೆ ಭಾರ ಕೂತರೆ ಕಂಪನ ನಿಧಾನ ಆಗುತ್ತೆ. ಭಾರಕ್ಕೂ ಕಂಪನಕ್ಕೂ ಇರೋ ಲೆಕ್ಕ ಕೊಟ್ಟವರು ಜರ್ಮನಿಯ ಗುಂಟರ್ ಸೌವರ್‌ಬ್ರೈ, 1959ರಲ್ಲಿ. ನಾವೂ ಲೆಕ್ಕ ಹಾಕೋಣ. ಒಂದು ಚದರ ಸೆಂಟಿಮೀಟರ್‌ನಲ್ಲಿ ಸುಮಾರು 450 ಲಕ್ಷ ಕೋಟಿ ಥಯಾಲ್ ಅಣು ನಿಲ್ಲುತ್ತವೆ. ಕೇಳೋಕೆ ಬಜೆಟ್ ಭಾಷಣದ ಥರ ಇದೆ, ಆದರೆ ಒಟ್ಟು ತೂಕ ಸುಮಾರು 214 ನ್ಯಾನೋಗ್ರಾಂ, ಅಂದ್ರೆ ಒಂದು ಗ್ರಾಂನ ನೂರು ಕೋಟಿ ಭಾಗದಲ್ಲಿ 214 ಭಾಗ. ಸೆಕೆಂಡಿಗೆ 50 ಲಕ್ಷ ಸಲ ಕಂಪಿಸೋ ಹರಳಿನಲ್ಲಿ ಈ ಭಾರ 12 ಕಂಪನ ಕಡಿಮೆ ಮಾಡುತ್ತೆ. 50 ಲಕ್ಷದಲ್ಲಿ 12! ಅದನ್ನೂ ಆರಾಮಾಗಿ ಹಿಡಿಯೋ ಉಪಕರಣ ಇದೆ.

ಐದನೆಯದು ಎಸ್‌ಟಿಎಂ, ಸ್ವಿಟ್ಜರ್ಲೆಂಡಿನ ಐಬಿಎಂ ಲ್ಯಾಬ್‌ನಲ್ಲಿ ಬಿನ್ನಿಗ್ ಮತ್ತು ರೋರರ್ ಮಾಡಿದ್ದು, 1986ರ ನೊಬೆಲ್. ಚೂಪಾದ ಲೋಹದ ಮೊನೆಯನ್ನ ಮೇಲ್ಮೈಗೆ ತಾಗದಷ್ಟು ಹತ್ತಿರ ಓಡಿಸಿ, ನಡುವೆ ಹರಿಯೋ ಅತಿ ಸಣ್ಣ ಕರೆಂಟ್‌ನಿಂದ ಚಿತ್ರ ಬರೆಯುತ್ತೆ. ಇದರಲ್ಲಿ ಅಣುಗಳ ಸಾಲು ಕಾಣುತ್ತೆ. ಜೊತೆಗೆ ಉಳಿದ ನಾಲ್ಕೂ ಮುಚ್ಚಿಟ್ಟದ್ದೂ ಕಾಣುತ್ತೆ: ಒಂದು ಸಾಲು ಇನ್ನೊಂದು ದಿಕ್ಕಿನ ಸಾಲಿಗೆ ಸೇರೋ ಕಡೆ ಬಿರುಕು, ಒಂದು ಚಿನ್ನದ ಪರಮಾಣುವಿನಷ್ಟು ಆಳದ ಗುಳಿಗಳು. ಉಳಿದವು ಕೊಡೋದು ಸರಾಸರಿ. ಸರಾಸರಿ ಲೆಕ್ಕದಲ್ಲಿ ತೂತು ಕಾಣಲ್ಲ.

ಈಗ ಪಾಯಿಂಟ್‌ಗೆ ಬರ್ತೀನಿ. ಇವುಗಳಲ್ಲಿ ಯಾವ ಒಂದನ್ನೂ ನಂಬಿ ಪದರ ಇದೆ ಅಂತ ಸಹಿ ಹಾಕೋಕಾಗಲ್ಲ. ಪಾಸ್‌ಬುಕ್ಕೂ ಕ್ಯಾಶ್‌ಬುಕ್ಕೂ ಎದುರು ಬದುರು ಇಟ್ಟು ಟ್ಯಾಲಿ ಮಾಡ್ತೀವಲ್ಲ, ಹಾಗೇ ಇಲ್ಲೂ ಹನಿ, ಬೆಳಕು, ಎಕ್ಸ್-ರೇ, ತೂಕ, ಚಿತ್ರ ಎಲ್ಲವೂ ಒಂದೇ ಕಥೆ ಹೇಳಬೇಕು. ಇನ್ನೊಂದು ಜಾಣ ಪರೀಕ್ಷೆಯೂ ಇದೆ. ಒಂದೇ ಪದರ ಮಾಡಿ ನಿಲ್ಲಿಸಲ್ಲ. 10, 12, 14, 16, 18 ಕಾರ್ಬನ್‌ಗಳ ಥಯಾಲ್ ತಗೊಂಡು ಐದು ಬಿಲ್ಲೆ ಮಾಡ್ತಾರೆ. ಒಂದೊಂದು ಕಾರ್ಬನ್ ಹೆಚ್ಚಾದಾಗಲೂ ದಪ್ಪ 0.1 ನ್ಯಾನೋಮೀಟರ್‌ಗಿಂತ ಸ್ವಲ್ಪ ಜಾಸ್ತಿ, ಮೆಟ್ಟಿಲಿನ ಹಾಗೆ ಒಂದೇ ಸಮ ಏರಬೇಕು. ಗಾಳಿಯ ಜಿಡ್ಡಿಗೆ ಕಾರ್ಬನ್ ಎಣಿಸಿ ಕೂರೋಕೆ ಬರಲ್ಲ. ಮೆಟ್ಟಿಲು ಸರಿಯಾಗಿ ಬಂದರೆ ಅದು ಪದರವೇ.

ಇಷ್ಟೆಲ್ಲ ಯಾಕೆ?

ಯಾಕೆಂದರೆ ಇದರ ಮೇಲೆ ದೊಡ್ಡ ದೊಡ್ಡ ವಸ್ತು ನಿಂತಿದೆ. ಔಷಧ ಸಂಶೋಧನೆಯಲ್ಲಿ ಒಂದು ಪ್ರೋಟೀನ್ ಇನ್ನೊಂದಕ್ಕೆ ಎಷ್ಟು ಗಟ್ಟಿಯಾಗಿ ಅಂಟುತ್ತೆ ಅಂತ ನೋಡೋ ಚಿನ್ನದ ಚಿಪ್‌ಗಳಲ್ಲಿ ತಳಪಾಯ ಇಂಥದ್ದೇ ಥಯಾಲ್ ಪದರ. 2020ರಲ್ಲಿ ಬರ್ಲಿನ್ನಿನ ಹೆಲ್ಮ್‌ಹೋಲ್ಟ್ಸ್ ಕೇಂದ್ರದ ತಂಡ ಪೆರೊವ್‌ಸ್ಕೈಟ್ ಮತ್ತು ಸಿಲಿಕಾನ್ ಜೋಡಿಸಿದ ಸೋಲಾರ್ ಸೆಲ್‌ನಲ್ಲಿ 29.15 ಶೇಕಡಾ ದಕ್ಷತೆ ತೋರಿಸಿತು. ಅಲ್ಲಿ ವಿದ್ಯುತ್ತನ್ನ ಹೊರಗೆ ದಾಟಿಸೋ ಜಾಗದಲ್ಲಿ ಕೂತಿದ್ದದ್ದು ತಾನಾಗಿ ಜೋಡಣೆಯಾದ ಒಂದು ಅಣುವಿನ ಪದರ. ಅಲ್ಲಿ ತೂತು ಬಿದ್ದರೆ ಕರೆಂಟ್ ಸೋರುತ್ತೆ.

ಮಿತಿಯೂ ಇದೆ. ಚಿನ್ನದ ಮೇಲಿನ ಥಯಾಲ್ ಪದರ ಗಾಳಿ ಬೆಳಕಿಗೆ ಬಿಟ್ಟರೆ ನಿಧಾನಕ್ಕೆ ಆಕ್ಸಿಡೈಸ್ ಆಗಿ ಹಾಳಾಗುತ್ತೆ, ಬಿಸಿ ಮಾಡಿದರೆ ಎದ್ದು ಹೋಗುತ್ತೆ. ತಾನಾಗಿ ಕೂತದ್ದು ಶಾಶ್ವತವಾಗಿ ಕೂರುತ್ತೆ ಅಂತ ಏನಿಲ್ಲ.

ಹಾಗಾದರೆ ನನ್ನ 499?

ಫೋನ್ ಸ್ಕ್ರೀನ್ ಮೇಲೆ ಬೆರಳಚ್ಚು ನಿಲ್ಲಬಾರದು ಅಂತ ಫ್ಯಾಕ್ಟರಿಯಲ್ಲೇ ಹಾಕೋ ಲೇಪ ಈ ಕುಟುಂಬದ್ದೇ. ಸಿಲೇನ್ ತಲೆ ಗಾಜನ್ನ ಹಿಡಿಯುತ್ತೆ, ಫ್ಲೋರಿನ್ ತುಂಬಿದ ಬಾಲ ನೀರು, ಜಿಡ್ಡು ಎರಡನ್ನೂ ದೂರ ಇಡುತ್ತೆ. ಯಾವಾಗಲೂ ಕರಾರುವಾಕ್ಕಾಗಿ ಒಂದೇ ಅಣುವಿನ ದಪ್ಪ ಇರಲ್ಲ, ಆದರೆ ನ್ಯಾನೋಮೀಟರ್‌ಗಳ ಲೆಕ್ಕವೇ. ಬಳಸ್ತಾ ಬಳಸ್ತಾ ಸವೆಯುತ್ತೆ ಅಂತ ಫೋನ್ ಕಂಪನಿಗಳೇ ಹೇಳ್ತವೆ.

ಈಗ ನನ್ನ ಪ್ರಯೋಗ ಕೇಳಿ. ಕೋಟಿಂಗ್ ಹಾಕಿಸಿದ ಮೂರು ವಾರಕ್ಕೆ ನನ್ನ ಫೋನ್ ಮೇಲೆ ಹನಿ ಇಟ್ಟೆ. ಅಂಚಿನಲ್ಲಿ ಹನಿ ಗುಂಡಗೆ ಕೂತಿತು. ಹೆಬ್ಬೆರಳು ದಿನವಿಡೀ ಓಡಾಡೋ ನಡುಭಾಗದಲ್ಲಿ ಸ್ವಲ್ಪ ಚಪ್ಪಟೆ. ಆಮೇಲೆ ಅಮ್ಮನ ಫೋನ್ ತಗೊಂಡೆ. ಎರಡು ವರ್ಷ ಹಳೇದು, ಯಾವ ಕೋಟಿಂಗೂ ಹಾಕಿಸಿಲ್ಲ. ಅಂಚಿನಲ್ಲಿ ಗುಂಡಗೆ, ನಡುವೆ ಚಪ್ಪಟೆ. ಎರಡರ ಫೋಟೋ ಪಕ್ಕದಿಂದ ತೆಗೆದು ಅಮ್ಮನಿಗೆ ತೋರಿಸಿ, "ಯಾವುದು ಯಾರ ಫೋನ್ ಹೇಳಿ" ಅಂದೆ. ಅಮ್ಮ ಹೇಳಲಿಲ್ಲ. ನಿಜ ಹೇಳಬೇಕು ಅಂದ್ರೆ ಫೈಲ್ ಹೆಸರು ನೋಡದೇ ಇದ್ದರೆ ನನಗೂ ಗೊತ್ತಾಗ್ತಿರಲಿಲ್ಲ.

ಹಾಗಂತ ಅಂಗಡಿಯವರು ಮೋಸ ಮಾಡಿದರು ಅಂತ ನಾನು ಹೇಳೋಕಾಗಲ್ಲ. ಬಾಟಲಿಯಲ್ಲಿದ್ದದ್ದು ಒಳ್ಳೇ ಸಿಲೇನ್ ಆಗಿರಬಹುದು, ಬರೀ ಸ್ಪಿರಿಟ್ ಆಗಿರಬಹುದು. ತಪ್ಪು ನನ್ನದು. ಓಪನಿಂಗ್ ಬ್ಯಾಲೆನ್ಸ್ ತಗೊಳ್ಳಲೇ ಇಲ್ಲ! ಹೊಸ ಫೋನಿನ ಮೇಲೆ ಫ್ಯಾಕ್ಟರಿ ಲೇಪ ಮೊದಲೇ ಇತ್ತು. ಕೋಟಿಂಗ್ ಹಾಕೋಕೆ ಮುಂಚೆ ಹನಿ ಇಟ್ಟಿದ್ದರೂ ಬಹುಶಃ ಹೀಗೇ ಗುಂಡಗೆ ಕೂರ್ತಿತ್ತು. ನೂರಮೂವತ್ತು ವರ್ಷದ ಹಿಂದೆ ಅಡುಗೆಮನೆಯಲ್ಲಿ ನಿಂತು ಪಾಕೆಲ್ಸ್ ಮೊದಲು ಮಾಡ್ತಿದ್ದ ಕೆಲಸವನ್ನೇ ಬಿ.ಕಾಂ ಓದಿದ ನಾನು ಬಿಟ್ಟೆ.

ಇನ್ನು ಆ 9ಎಚ್. ಅದು ಪೆನ್ಸಿಲ್ ಗಟ್ಟಿತನದ ಪರೀಕ್ಷೆಯ ಅಂಕಿ, 9ಎಚ್ ಪೆನ್ಸಿಲ್‌ನಿಂದ ಗೀರಿದರೆ ಗೀರು ಬೀಳಲ್ಲ ಅಂತ ಅರ್ಥ. ಪೆನ್ಸಿಲ್‌ಗೆ ಬರೀ ಗಾಜಿನ ಮೇಲೂ ಗೀರು ಬೀಳಲ್ಲ. ಮರಳಿನ ಕಣ ಬೇರೆ, ಫೋನ್ ಕೈಜಾರಿ ಬೀಳೋದು ಬೇರೆ. ನ್ಯಾನೋಮೀಟರ್ ಲೆಕ್ಕದ ಪದರ ಬೆರಳಚ್ಚು ತಡೀಬಹುದು, ಒಡೆಯೋದನ್ನ ತಡೆಯಲ್ಲ.

ನಿಮಗೆ ಯಾರಾದರೂ ಇಂಥ ಕೋಟಿಂಗ್ ಹಾಕ್ತೀವಿ ಅಂದರೆ ಮೂರು ಕೆಲಸ ಮಾಡಿ. ಸ್ಕ್ರೀನ್ ಒರೆಸಿ, ಹಾಕೋಕೆ ಮುಂಚೆ ಒಂದು ಸಣ್ಣ ಹನಿ ಇಟ್ಟು ಪಕ್ಕದಿಂದ ಫೋಟೋ ತಗೊಳ್ಳಿ. ಅರ್ಧ ಸ್ಕ್ರೀನ್‌ಗೆ ಮಾತ್ರ ಹಾಕಿಸಿ. ಆಮೇಲೆ ಎರಡೂ ಅರ್ಧದಲ್ಲಿ ಹನಿ ಇಟ್ಟು ಹೋಲಿಸಿ, ಎರಡು ವಾರ ಬಿಟ್ಟು ಮತ್ತೆ ಹೋಲಿಸಿ. ವ್ಯತ್ಯಾಸ ಕಂಡರೆ ದುಡ್ಡು ಕೊಡಿ. ಅಂಗಡಿಯವರು ಒಪ್ಪಲ್ಲ ಅಂದರೆ, ಅದೂ ಒಂದು ರೀಡಿಂಗ್ ಅಂತ ಬರ್ಕೊಳ್ಳಿ.

ನಿಮ್ಮ ಫೋನಿನ ಹನಿ ಫೋಟೋ ಇದ್ದರೆ ನಮಗೆ ಕಳಿಸಿ, ಮುಂಚಿನದೂ ಆಮೇಲಿನದೂ ಎರಡೂ. ಅಮ್ಮ ತಮ್ಮ ಫೋನ್‌ಗೆ ಕೋಟಿಂಗ್ ಬೇಡವೇ ಬೇಡ ಅಂದಿದ್ದಾರೆ. ಆ 499 ರೂಪಾಯಿಯನ್ನ ಯಾವ ತಲೆಬರಹದ ಕೆಳಗೆ ಬರೀಬೇಕು ಅಂತ ನಾನಿನ್ನೂ ಯೋಚಿಸ್ತಿದ್ದೀನಿ.